ನಾಲ್ಕು ಹನಿ ನೀಲಿ

ದುಂಡಪ್ಪನ ಧೋತರ ನೀಲಿಯಾಗುತ್ತಿದೆ ಎಂಬುದು ನಾಗನೂರಿನ ಆ ಓಣಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವಳು ಒಬ್ಬಳೇ, ಅದನ್ನು ಒಗೆಯುವ ಚನ್ನವ್ವ.

ಬಿಳಿ ಧೋತರ, ಬಿಳಿ ಅಂಗಿ, ಬಿಳಿ ಟೊಪ್ಪಿಗೆ. ಮದುವೆಯಾಗಿ ನಲವತ್ತೆರಡು ವರ್ಷವಾದರೂ ಗಂಡನ ಬಿಳಿ ಬಟ್ಟೆಗಳನ್ನು ಆಕೆ ಇನ್ನೊಬ್ಬರ ಕೈಗೆ ಕೊಟ್ಟವಳಲ್ಲ. ಮನೆಗೆ ವಾಷಿಂಗ್ ಮಶೀನು ಬಂತು, ಸೊಸೆ ಬಂದಳು, ಮೊಮ್ಮಗಳು ದೊಡ್ಡವಳಾದಳು. ಬಿಳಿ ಬಟ್ಟೆ ಮಾತ್ರ ಹಿತ್ತಲಿನ ಕಲ್ಲಿನ ಮೇಲೆ, ಚನ್ನವ್ವನ ಕೈಯಲ್ಲೇ. ಕೊನೆಯ ನೀರಿಗೆ ನೀಲಿ. ಬಾಟಲಿಯ ಮೇಲೆ ಬರೆದದ್ದು ನಾಲ್ಕು ಹನಿ. ಎರಡು ವರ್ಷದ ಹಿಂದೆ ಅದು ಎಂಟಾಯಿತು. ಈಗ ಒಂದು ಮುಚ್ಚಳ ತುಂಬ.

"ಈಗಿನ ಸಬಕಾರದಾಗ ದಮ್ಮ ಇಲ್ಲ. ಒಗದಷ್ಟೂ ಹಳದಿ ಆಕ್ಕಾವ" ಎಂದು ಆಕೆ ಇನ್ನೂ ಅರ್ಧ ಮುಚ್ಚಳ ಸುರಿಯುವಳು.

ಹಾಲಿನ ಡೇರಿಯ ಮುಂದೆ ಮಾಲಿಂಗಪ್ಪ ದಿನಾ ಕೇಳುವನು. "ಏನ್ ದುಂಡಪ್ಪಣ್ಣಾ, ಇವತ್ತೂ ಆಕಾಶಾನ ಸುತ್ಗೊಂಡ ಬಂದೀಯಲ್ಲ?"

"ನಮ್ಮ ಮನ್ಯಾಗ ನೇದ ಆಕಾಶ ಇದು. ನಿನಗ್ಯಾಕ ಹೊಟ್ಟಿಕಿಚ್ಚು?" ಎಂದು ದುಂಡಪ್ಪ ಹಾಲಿನ ಕ್ಯಾನು ಎತ್ತಿಕೊಂಡು ಬರುವನು. ಮನೆಯಲ್ಲಿ ಈ ಮಾತನ್ನು ಅವನು ಎತ್ತಿದವನಲ್ಲ.

ಯಾರೂ ಎತ್ತದಿರಲು ಇನ್ನೊಂದು ಕಾರಣವಿತ್ತು. ಬಣ್ಣದ ವಿಷಯದಲ್ಲಿ ಆ ಓಣಿಯ ಕೊನೆಯ ಮಾತು ಚನ್ನವ್ವನದು. ಮದುವೆಯ ಬಟ್ಟೆ ಖರೀದಿಗೆ, ಎಂದರೆ ಬಸ್ತಾಕ್ಕೆ, ಹೊರಡುವ ಹೆಂಗಸರು ಮೊದಲು ಅವಳ ಪಡಸಾಲೆಗೆ ಬಂದು ಕೂರುತ್ತಿದ್ದರು. ಅವಳು ಹುಡುಗಿಯ ಗದ್ದ ಹಿಡಿದು ಬಾಗಿಲ ಬೆಳಕಿಗೆ ತಿರುಗಿಸಿ, "ಡಾಳಿಂಬ ಬಣ್ಣ ತರ್ರಿ" ಎಂದೋ "ಗಿಣಿ ಹಸರ ಒಪ್ಪತೈತಿ" ಎಂದೋ ಹೇಳುವಳು. ಅವಳದೊಂದು ಸೂತ್ರವಿತ್ತು. "ಸೀರಿ ಉಟ್ಟು ನಿಂತ್ರ ಮೊದಲ ಮಾರಿ ಕಾಣಬೇಕು. ಸೀರಿ ಮೊದಲ ಕಂಡ್ರ ಅದು ಅಂಗಡಿ ಸೀರಿ, ನಿನ್ನ ಸೀರಿ ಅಲ್ಲ."

ದೊಡ್ಡ ಸೊಸೆ ದಾಕ್ಷಾಯಿಣಿಯ ತೀರ್ಪು ಹದಿನಾರು ವರ್ಷದ ಹಿಂದೆಯೇ ಆಗಿಹೋಗಿತ್ತು. ಹುಕ್ಕೇರಿ ಕಡೆಯ ಕಣಗಲಾದಿಂದ ಬಂದ ಆಕೆ ಹೊಸ್ತಿಲು ದಾಟಿದ ದಿನವೇ ಚನ್ನವ್ವ ಹೇಳಿದ್ದಳು. "ಈಕಿ ಕಪ್ಪ ಅದಾಳ. ತಿಳಿ ಬಣ್ಣ ಉಟ್ರ ಮುಚ್ಚಿಕೋತೈತಿ." ಅಂದಿನಿಂದ ಕೆನೆ, ಬದಾಮಿ, ಗೋಧಿ, ತೊಳೆದ ಗುಲಾಬಿ. ದಾಕ್ಷಾಯಿಣಿ ಊರಿಗೆಲ್ಲ ಬ್ಲೌಸು ಹೊಲಿಯುತ್ತಾಳೆ. ಜಗತ್ತಿನ ಎಲ್ಲ ಬಣ್ಣಗಳೂ ಅವಳ ಮಶೀನಿನ ಸೂಜಿಯ ಕೆಳಗೆ ಹಾದುಹೋಗಿವೆ, ಬೇರೆಯವರ ಮೈಗೆ.

ಈಗ ಮೈದುನ ಬಾಳೇಶನ ಮದುವೆ. ಹುಡುಗಿ ಮೇಲವಂಕಿಯವಳು. ಐದು ವಾರ ಉಳಿದಿತ್ತು.

*

ಶುರು ಮಾಡಿದವಳು ದಾಕ್ಷಾಯಿಣಿಯ ಮಗಳು ಶಿವಾನಿ. ಒಂಬತ್ತನೇ ಇಯತ್ತೆ, ಬಾಯಿ ಜೋರು. ಒಂದು ಭಾನುವಾರ ಅವಳು ಹೊಲಿಗೆ ಮಶೀನಿನ ಕೆಳಗಿದ್ದ ಅಸ್ತರದ ತುಂಡುಗಳ ಚೀಲವನ್ನು ಪಡಸಾಲೆಯ ನಡುವೆ ಸುರುವಿದಳು.

"ಅವ್ವಾ, ಬಾಗಲಕ ಬಾ. ಟ್ಯೂಬಲೈಟಿನಾಗ ಬಣ್ಣ ಸುಳ್ಳ ಹೇಳತಾವಂತ. ಬಿಸಲ ಬೆಳಕಿನಾಗ ನೋಡಬೇಕಂತ."

"ಯಾರ ಹೇಳಿದ್ರು?"

"ಮೊಬೈಲನ್ಯಾಗ ಒಬ್ಬಾಕಿ."

"ಆಕೀಗೆ ರೊಟ್ಟಿ ಬಡ್ಯಾಕ ಬರತೈತೇನ ಕೇಳು. ನನ್ನ ಕೈ ಹಿಟ್ಟಿನಾಗ ಐತಿ."

ಆದರೂ ಬಂದಳು, ಹಿಟ್ಟಿನ ಕೈಯಲ್ಲೇ. ಶಿವಾನಿ ಒಂದೊಂದೇ ತುಂಡನ್ನು ತಾಯಿಯ ಗದ್ದದ ಕೆಳಗೆ ಹಿಡಿದಳು. ಕೆನೆ.

"ಜ್ವರದಾಗಿಂದ ಎದ್ದ ಬಂದಂಗ ಕಾಣತಿ."

ಬದಾಮಿ. "ಇನ್ನೂ ಜ್ವರ ಬಿಟ್ಟಿಲ್ಲ."

ಬಾಜೂ ಮನೆಯ ಯಲ್ಲಕ್ಕ ಹೊಲಿಯಲು ಕೊಟ್ಟ ಬ್ಲೌಸು ಕೇಳಲು ಬಂದವಳು ಕಟ್ಟೆಯ ಮೇಲೆ ಕೂತು ನೋಡತೊಡಗಿದಳು. ಅವರದು ಕುರಿ ಸಾಕುವ ಮನೆತನ. ಯಲ್ಲಕ್ಕ ಕೆಂಪು ಬಿಟ್ಟು ಬೇರೆ ಉಟ್ಟಿದ್ದನ್ನು ಯಾರೂ ಕಂಡಿಲ್ಲ. "ಕುರಿ ಗುಂಪಿನಾಗ ನಿಂತ್ರ ಗಂಡಗ ನಾ ಎಲ್ಲಿ ಅದೇನಿ ಗೊತ್ತಾಗಬೇಕಲ್ಲ" ಎನ್ನುವಳು.

ಹಸಿರು, ಕೇಸರಿ, ಕಂದು. ಆಮೇಲೆ ಶಿವಾನಿ ಒಂದು ಗಾಢ ನೀಲಿ ತುಂಡು ಹಿಡಿದಳು. ನವಿಲಿನ ಕುತ್ತಿಗೆಯ ನೀಲಿ.

"ಏ ದಾಕ್ಷಾಯಿಣಿ," ಯಲ್ಲಕ್ಕ ಎಂದಳು, "ಈಗರ ಮಾರಿ ತೊಕ್ಕೊಂಡ ಬಂದಿ ಏನ?"

ಶಿವಾನಿ ಫೋಟೋ ತೆಗೆದು ತೋರಿಸಿದಳು. ದಾಕ್ಷಾಯಿಣಿ ಬಹಳ ಹೊತ್ತು ಅದನ್ನು ನೋಡಿದಳು. ಮೊಬೈಲಿನ ಅಂಚಿಗೆ ಹಿಟ್ಟು ಹತ್ತಿತು.

"ಇದನ್ನ ಅಳಸಬ್ಯಾಡ" ಎಂದು ಒಳಗೆ ಹೋದಳು.

ಅವತ್ತು ಗಂಡ ಶಿವಕುಮಾರ ಮೂಡಲಗಿಯಿಂದ ಬಂದು ಊಟಕ್ಕೆ ಕೂತಾಗ ಆಕೆ ಮಾತು ತೆಗೆದಳು. ಅವನಿಗೆ ಅಲ್ಲಿ ನೀರಿನ ಮೋಟರುಗಳಿಗೆ ತಂತಿ ಸುತ್ತಿ ಕಟ್ಟುವ ಅಂಗಡಿ.

"ಬಸ್ತಾದಾಗ ನನಗ ಒಂದ ನೀಲಿ ಸೀರಿ ಬೇಕ್ರಿ. ಅತ್ತೀಗೆ ನೀವ ಹೇಳ್ರಿ."

ಶಿವಕುಮಾರ ರೊಟ್ಟಿ ಮುರಿದು ಝುಣಕದಲ್ಲಿ ಅದ್ದಿದ. "ಮೋಟರ್ ಸುಟ್ರ ಹೇಳು, ನಾ ಕಟ್ಟತೇನಿ. ಸೀರಿ ಅಂದ್ರ ನಮ್ಮವ್ವನ ಮುಂದ ನಾ ಯಾಂವ?"

"ಕಣಗಲಾದಿಂದ ನಮ್ಮವ್ವ ಬಂದಾಗೊಮ್ಮೆ ಕೇಳತಾಳ, ಇವರು ನಿನಗ ಉಣ್ಣಾಕ ಹಾಕತಾರಿಲ್ಲ ಅಂತ. ಈ ಮದುವ್ಯಾಗರ ಆಕಿ ಹಂಗ ಕೇಳಬಾರದು."

"ಹಂಗಂದ್ರ ಎರಡ ರೊಟ್ಟಿ ಜಾಸ್ತಿ ತಿನ್ನು."

ದಾಕ್ಷಾಯಿಣಿ ಅವನ ತಾಟಿಗೆ ಬಡಿಸುತ್ತಿದ್ದ ಮೂರನೇ ರೊಟ್ಟಿಯನ್ನು ತಿರುಗಿ ಬುಟ್ಟಿಯಲ್ಲಿ ಇಟ್ಟಳು.

*

ಬಸ್ತಾಕ್ಕೆ ಗೋಕಾಕಕ್ಕೆ ಕ್ರೂಸರ್ ಮಾಡಿಕೊಂಡು ಹೋದರು. ಮೇಲವಂಕಿಯ ಬೀಗರು ಅಂಗಡಿಯಲ್ಲಿ ಮೊದಲೇ ಬಂದು ಕೂತಿದ್ದರು. ಬಿಳಿ ಹಾಸಿನ ಗಾದಿ, ಎಲ್ಲರಿಗೂ ಚಹಾ. ಸೀರೆ ತೋರಿಸುವ ಭೀಮೇಶ ಒಂದೊಂದನ್ನೇ ಗಾಳಿಯಲ್ಲಿ ಬಿಡಿಸಿ ಹಾಕುತ್ತಿದ್ದ. ಚನ್ನವ್ವ ಗಾದಿಯ ನಡುವೆ ಕೂತಳು. ಮದುಮಗಳಿಗೆ ಡಾಳಿಂಬ ಬಣ್ಣದ ಸೀರೆ ಆರಿಸಿದಳು. ಅದನ್ನು ಹುಡುಗಿಯ ಹೆಗಲ ಮೇಲೆ ಹಾಕಿದಾಗ ಬೀಗರ ಕಡೆಯ ಹೆಂಗಸರು ಒಬ್ಬರನ್ನೊಬ್ಬರು ನೋಡಿ ತಲೆ ಆಡಿಸಿದರು.

"ಈಗ ನಮ್ಮ ಮನಿಯಾಕೀಗೆ" ಎಂದಳು ಚನ್ನವ್ವ. "ಕೆನಿ ಬಣ್ಣದ್ದು ತಗಿ."

ದಾಕ್ಷಾಯಿಣಿ ರಾಶಿಯಿಂದ ಒಂದನ್ನು ಎಳೆದು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಅದನ್ನು ಮುಂದೆ ಇಟ್ಟಳು. ನವಿಲು ನೀಲಿ, ಸಣ್ಣ ಜರಿ ಅಂಚು.

"ಅತ್ತಿ, ನನಗ ಇದು ಸೇರೇತ್ರಿ."

ಚನ್ನವ್ವ ಸೀರೆ ಮುಟ್ಟಿ ನೋಡಿದಳು, ಕಣ್ಣಿನ ಹತ್ತಿರ ಹಿಡಿದಳು. "ತೆಲಿ ಐತೇನ ನಿನಗ? ಮೈದುನನ ಮದುವ್ಯಾಗ ಕರೇ ಸೀರಿ ಉಡತಿ?"

ಗಾದಿಯ ಮೇಲಿದ್ದವರೆಲ್ಲ ಸೀರೆಯ ಕಡೆ ತಿರುಗಿದರು.

"ಅವ್ವಾರ, ಇದು ನೀಲಿ ರಿ" ಎಂದ ಭೀಮೇಶ. "ಮೋರಪಂಖಿ ಅಂತಾರ. ಈ ವರ್ಷ ಭಾಳ ಓಡೇತಿ."

"ಓಡಲಿ. ನೀ ಹುಟ್ಟೂಕಿಂತ ಮೊದಲಿಂದ ನಾ ಈ ಗಾದಿ ಮ್ಯಾಲ ಕುಂತೇನಿ. ನನಗ ಬಣ್ಣ ಕಲಸ್ತೀಯೇನ?"

ಬೀಗಿತ್ತಿ ಚಹಾದ ಕಪ್ಪಿನಲ್ಲಿ ನಗೆ ಮುಳುಗಿಸಿದಳು. ಬಾಳೇಶ ಹೊರಗೆ ಹೋಗಿ ಯಾರಿಗೋ ಫೋನು ಹಚ್ಚಿದ. ಶಿವಾನಿ ಬಾಯಿ ತೆರೆದಳು. ಅಪ್ಪ ಅವಳ ಮೊಣಕೈ ಒತ್ತಿದ. ಕೆನೆ ಸೀರೆಯನ್ನು ಚೀಲಕ್ಕೆ ಹಾಕಿದರು.

ತಿರುಗಿ ಬರುವಾಗ ಕ್ರೂಸರಿನಲ್ಲಿ ಎಲ್ಲರೂ ಕರದಂಟು ತಿಂದರು. ದಾಕ್ಷಾಯಿಣಿ ತನ್ನ ಪಾಲಿನದನ್ನು ಹಾಳೆಯಲ್ಲಿ ಸುತ್ತಿ ಕಿಟಕಿಯ ಹತ್ತಿರ ಇಟ್ಟಳು. ಅದು ಅಲ್ಲೇ ಉಳಿಯಿತು.

*

ಮೂರು ದಿನ ಅಡುಗೆ ಆಯಿತು, ಮಾತಾಗಲಿಲ್ಲ. ನಾಲ್ಕನೇ ದಿನ ಚನ್ನವ್ವ ತಾಟಿನ ಮುಂದೆ ಕೂತು, "ಪಲ್ಲೇದಾಗ ಉಪ್ಪ ಕಡಿಮಿ ಐತಿ" ಎಂದಳು.

"ತಿಳಿ ಉಪ್ಪ ಹಾಕೇನ್ರಿ. ನನಗ ತಿಳೀದ ಒಪ್ಪತೈತಲ್ಲ."

ಶಿವಾನಿ ಮಜ್ಜಿಗೆಯ ಲೋಟ ಬಾಯಿಗೆ ಒತ್ತಿ ನಗು ತಡೆದಳು.

"ಇನ್ನೂ ಆ ಕರೇ ಸೀರಿ ಹಿಡಕೊಂಡ ಕುಂತೀಯೇನು?"

"ಕರೇದಲ್ರಿ ಅದು. ಇದ್ರೂ ಇರವಲ್ಲದ್ಯಾಕ! ಹದಿನಾರು ವರ್ಷ ನೀವ ಹೇಳಿದ್ದ ಉಟ್ಟೇನಿ. ಒಂದ ಸಲ ನಾ ಕೇಳಿದ್ದ ಉಟ್ರ ನಿಮ್ಮದೇನ್ ಹೊಕ್ಕಿತ್ತು?"

"ನಿನ್ನ ಚಂದಕ್ಕ ಹೇಳಿದ್ದವಾ. ಮೈಬಣ್ಣ ನೋಡಿ ಬಣ್ಣ ಆರಸ್ತಾರ, ಮನಸ್ಸ ನೋಡಿ ಅಲ್ಲ. ನಿಮ್ಮವ್ವ ಕಪ್ಪ ಹಡದ್ರ ಅದಕ್ಕ ನಾ ಏನ್ ಮಾಡಲಿ?"

ದುಂಡಪ್ಪ ತಾಟು ಬಿಟ್ಟು ಎದ್ದ. "ಉಣ್ಣೂ ಮುಂದ ಬ್ಯಾಡ" ಎಂದಷ್ಟೇ ಹೇಳಿ, ನೀಲಿ ಧೋತರದ ಚುಂಗಿನಿಂದ ಬಾಯಿ ಒರೆಸಿಕೊಂಡು ಹೊರಗೆ ಹೋದ.

ಚನ್ನವ್ವನಿಗೆ ಕ್ಷಮೆ ಕೇಳುವ ರೂಢಿ ಇರಲಿಲ್ಲ. ಬೇಕೆನಿಸಿದಾಗ ಕೆಲಸ ಕೇಳುವಳು. ಮರುದಿನ ಮಧ್ಯಾಹ್ನ ಮಶೀನಿನ ಹತ್ತಿರ ಬಂದು, "ಅಷ್ಟ ಬ್ಲೌಸ ಒಬ್ಬಾಕಿ ಎಲ್ಲಿ ಹೊಲೀತಿ? ಕೈಹೊಲಿಗಿ ಇತ್ತ ಕೊಡು" ಎಂದು ಕೂತಳು. ಸೂಜಿಗೆ ದಾರ ಪೋಣಿಸಲು ಮಾತ್ರ ಶಿವಾನಿಯೇ ಬೇಕು. ಅದು ವಯಸ್ಸಾದವರಿಗೆಲ್ಲ ಇದ್ದದ್ದೇ.

ಅರ್ಧ ತಾಸಿನ ಮೇಲೆ ದಾಕ್ಷಾಯಿಣಿ ನೋಡಿದಳು. ಬೀಗರ ಮನೆಯ ನೀಲಿ ಬ್ಲೌಸಿನ ಅಂಚಿಗೆ ಅತ್ತೆ ಕರಿ ದಾರದಿಂದ ಹೊಲಿಗೆ ಹಾಕಿದ್ದಳು. ಸಣ್ಣ, ಒಂದೇ ಅಳತೆಯ, ಚಂದದ ಹೊಲಿಗೆ.

ದಾಕ್ಷಾಯಿಣಿ ಮಶೀನು ನಿಲ್ಲಿಸಿದಳು.

"ಅತ್ತಿ, ಆ ಜಾಂಬಳಿ ರೀಲ್ ಕೊಡ್ರಿ."

ಚನ್ನವ್ವ ಡಬ್ಬಿಯಲ್ಲಿ ಕೈಯಾಡಿಸಿ ಕಂದು ರೀಲು ತೆಗೆದು ಕೊಟ್ಟಳು. ನೇರಳೆ ಬಣ್ಣದ್ದು ಅದರ ಪಕ್ಕದಲ್ಲೇ ಇತ್ತು.

"ಇದ ಅಲ್ಲೇನ?"

ದಾಕ್ಷಾಯಿಣಿ ಕಂದು ರೀಲನ್ನು ಮಶೀನಿಗೆ ಹಾಕಿದಳು. "ಹೂಂರಿ, ಇದ."

ಹಿತ್ತಲಲ್ಲಿ ತಂತಿಯ ಮೇಲೆ ಧೋತರ ಒಣಗುತ್ತಿತ್ತು. ಕೂತಲ್ಲಿಂದಲೇ ಅದು ಕಾಣುತ್ತಿತ್ತು.

*

ಎಲ್ಲರ ಮುಂದೆ ಹೇಳಬಹುದಿತ್ತು. ಬೀಗರ ಮುಂದೆ, ಯಲ್ಲಕ್ಕನ ಮುಂದೆ, ಓಣಿಯ ಮುಂದೆ. ದಾಕ್ಷಾಯಿಣಿ ಎರಡು ದಿನ ಆ ಮಾತನ್ನು ಇಟ್ಟುಕೊಂಡು ತಿರುಗಿದಳು. ಮೂರನೇ ದಿನ ಮಾವನಿಗೆ ಚಹಾ ಕೊಡುವಾಗ ಕೇಳಿದಳು.

"ಮಾವಾರ, ನಿಮ್ಮ ಧೋತರ..."

"ಗೊತ್ತೈತಿ. ನೀಲಿ ಆಗೇತಿ."

"ಯಾವಾಗಿಂದ್ರಿ?"

"ಎರಡ ವರ್ಷ ಆತು."

"ಮತ್ತ ಯಾಕ ಹೇಳಲಿಲ್ರಿ?"

ದುಂಡಪ್ಪ ಬಸಿಗೆ ಚಹಾ ಸುರಿದು ಊದಿದ. "ಹೇಳಿದ್ರ ಕಣ್ಣ ತೋರಸಬೇಕಾಕ್ಕಿತ್ತು. ಆಕಿ ಅವ್ವ ಕಣ್ಣ ಕೊಯ್ಸಿಕೊಂಡು ಕುರುಡಿ ಆದ್ಳು, ಭಾಳ ಹಿಂದ. ಈಕೀನ ಅವ್ವನ ಕೈ ಹಿಡಕೊಂಡ ತಿರಗಸ್ತಿದ್ಳು. ಧೋತರ ನೀಲಿ ಆದ್ರ ನನಗೇನ್ ತ್ರಾಸು? ಉಡತೇನಿ."

"ನಿಮಗ ತ್ರಾಸಿಲ್ಲ ಖರೆ. ನಾಳೆ ಒಲಿ ಮುಂದ ಎಲ್ಲೋ ಕೈ ಇಟ್ರ?"

ಅವನು ಬಸಿ ಕೆಳಗಿಟ್ಟ. "ನೀ ಹೇಳತೀ ಏನವಾ?" ಎಂದ. "ನನಗ ಧೈರ್ಯ ಇಲ್ಲ."

ಮರುದಿನ ಸೋಮವಾರ. ಚನ್ನವ್ವ ಲಿಂಗಪೂಜೆ ಮುಗಿಸಿ, ಹಿತ್ತಲಲ್ಲಿ ಬಕೆಟ್ಟಿನ ಮುಂದೆ ಕೂತು ನೀಲಿಯ ಬಾಟಲಿ ಬಗ್ಗಿಸಿದಳು. ದಾಕ್ಷಾಯಿಣಿ ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕೂತಳು.

"ಅತ್ತಿ, ನೀರ ಯಾ ಬಣ್ಣ ಆಗೇತಿ?"

"ಯಾ ಬಣ್ಣ? ನೀರಿನ ಬಣ್ಣ. ಸ್ವಲ್ಪ ಮಬ್ಬ ಐತಿ."

"ಮಸಿ ದವತಿ ಸುರವಿದಂಗ ಆಗೇತ್ರಿ. ಮಾವಾರ ಧೋತರ ಎರಡ ವರ್ಷದಿಂದ ನೀಲಿ ಐತಿ."

ಚನ್ನವ್ವ ಮುಚ್ಚಳ ಹಾಕಿ ತಿರುವಿದಳು. ಇನ್ನೊಮ್ಮೆ ತಿರುವಿದಳು.

"ಅಂದ್ರ ಅಂಗಡ್ಯಾಗಿಂದು?"

"ನೀಲಿ ಇತ್ರಿ."

"ಎಲ್ಲಾರಿಗೂ ಕಾಣತಿತ್ತು?"

"ಹೂಂರಿ."

"ಮೇಲವಂಕಿಯವರಿಗೂ?"

ಬಕೆಟ್ಟಿನಲ್ಲಿ ಧೋತರ ಉಬ್ಬಿ ಮೇಲೆ ಬಂತು. ಚನ್ನವ್ವ ಅದನ್ನು ಅಂಗೈಯಿಂದ ಕೆಳಗೆ ಒತ್ತಿದಳು.

"ಅವತ್ತ ಅಲ್ಲೇ ಯಾಕ ಹೇಳಲಿಲ್ಲ ನೀ?"

"ನನ್ನ ಮ್ಯಾಲಿನ ಸಿಟ್ಟಿಗೆ ಹಂಗಂದ್ರಿ ಅಂತ ತಿಳದಿದ್ದೆ. ಕಣ್ಣಿಂದು ಮೊನ್ನೆ ಗೊತ್ತಾತ್ರಿ, ರೀಲ್ ಕೇಳಿದಾಗ."

"ಅಂದ್ರ ಪರೀಕ್ಷಾ ಮಾಡಿದಿ."

"ಮಾಡಿದ್ನಿರಿ."

ಚನ್ನವ್ವ ಎದ್ದು ಬಕೆಟ್ಟಿನ ನೀರನ್ನೆಲ್ಲ ಕರಿಬೇವಿನ ಗಿಡದ ಬುಡಕ್ಕೆ ಚೆಲ್ಲಿದಳು. "ನನ್ನ ಕಣ್ಣಿಗೆ ಕತ್ತರಿ ಹಾಕಿಸಾಕ ನಾ ಒಲ್ಲೆ" ಎಂದಳು. "ನಮ್ಮವ್ವಂದು ನೋಡೇನಿ."

"ಈಗ ಕತ್ತರಿ ಇಲ್ರಿ. ಇಪ್ಪತ್ತ ಮಿನಿಟ. ನಾ ಬಾಜೂಕ ಕುಂದರತೇನಿ."

"ಒಳಗ ಬಿಡತಾರೇನು ನಿನ್ನ?"

"ಬಿಡದಿದ್ರ ಬಾಗಲದಾಗ ಕುಂದರತೇನಿ. ನೀವ ಒದರಿದ್ರ ಕೇಳಸ್ತೈತಿ."

"ನಾ ಯಾಕ ಒದರಲಿ?" ಎಂದಳು ಚನ್ನವ್ವ ಸಿಟ್ಟಿನಿಂದ. ಅಷ್ಟರಲ್ಲಿ ಅವಳು ಒಪ್ಪಿದಂತಾಗಿತ್ತು.

*

ಮೋತಿಬಿಂದು, ಎಂದರೆ ಕಣ್ಣಿನ ಪೊರೆ, ಹಣ್ಣಾಗಿದೆ, ಇಷ್ಟು ದಿನ ಹೇಗೆ ತಡೆದಿರಿ ಎಂದರು ಗೋಕಾಕದ ಡಾಕ್ಟರು. ಮದುವೆಗೆ ಮೊದಲು ಬಲಗಣ್ಣು, ಎಡಗಣ್ಣು ಆಮೇಲೆ. ಚನ್ನವ್ವ ಒದರಲಿಲ್ಲ. ಮರುದಿನ ಕರಿ ಕನ್ನಡಕ ಹಾಕಿಕೊಂಡು ಮನೆಗೆ ಬಂದಳು.

ನೀರು ತಾಕಬಾರದು, ಹೊಗೆ ತಾಕಬಾರದು, ಬಗ್ಗಬಾರದು. ಒಲೆ, ಕಲ್ಲು ಎರಡೂ ಅವಳ ಕೈತಪ್ಪಿದವು. ದಿನಕ್ಕೆ ನಾಲ್ಕು ಸಲ ದಾಕ್ಷಾಯಿಣಿ ಹಿಟ್ಟಿನ ಕೈ ತೊಳೆದು ಬಂದು ಅವಳ ತಲೆಯನ್ನು ಹಿಂದಕ್ಕೆ ಒರಗಿಸಿ ಕಣ್ಣಿಗೆ ಔಷಧ ಬಿಡುವಳು.

"ಎಷ್ಟ ಹನಿ?"

"ಒಂದ ರಿ."

"ನೋಡು ಮತ್ತ. ಮುಚ್ಚಳ ತುಂಬ ಸುರವೀಯೆಂದ್ರ!"

ಆಪರೇಶನ್ ಆದಮೇಲೆ ಅತ್ತೆ ಆಡಿದ ಮೊದಲ ಚೇಷ್ಟೆ ಅದು. ದಾಕ್ಷಾಯಿಣಿಗೆ ನಗು ಬಂದು ಹನಿ ಗಲ್ಲದ ಮೇಲೆ ಬಿತ್ತು.

ಧೋತರ ಈಗ ದಾಕ್ಷಾಯಿಣಿ ಒಗೆಯುತ್ತಿದ್ದಳು, ನೀಲಿಯಿಲ್ಲದೆ. ಉಳಿದವರ ಬ್ಲೌಸುಗಳೆಲ್ಲ ಹೊಲಿದು ಮುಗಿದವು. ಶಿವಕುಮಾರ ಕೇಳಿದ, "ನಿಂದು?"

"ಇನ್ನ ಕತ್ತರಿ ಹಾಕಿಲ್ಲ."

"ಮದುವಿ ವಾರದಾಗ ಬಂತಲ್ಲ."

"ಬರಲಿ."

ಕನ್ನಡಕ ತೆಗೆಯಬಹುದು ಎಂದ ದಿನ ಚನ್ನವ್ವ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಳು. ಕನ್ನಡಕ ತೆಗೆದು ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡಳು. ಡೇರಿಯಿಂದ ದುಂಡಪ್ಪ ಬರುತ್ತಿದ್ದ.

"ಇದೇನ್ರಿ ಇದು!"

"ಏನು?"

"ಧೋತರ ರಿ! ಮೂರ ಸಲ ಒಗದಾಳಂತ, ಇನ್ನೂ ಇಷ್ಟ ನೀಲಿ ಐತಿ. ಇದನ್ನ ಉಟಗೊಂಡ ಊರೆಲ್ಲಾ ತಿರಗೀರೇನು?"

"ತಿರಗೇನಿ."

"ಒಂದ ಮಾತ ಹೇಳಬಾರದಾ?"

"ನನಗ ಒಪ್ಪತೈತಿ ಅಂತ ನೀ ಆರಿಸಿ ಹಾಕೀದಿ ಅಂತ ತಿಳದಿದ್ದೆ" ಎಂದು ದುಂಡಪ್ಪ ಕ್ಯಾನು ಇಟ್ಟು ಒಳಗೆ ಹೋದ.

ಚನ್ನವ್ವ ಟ್ರಂಕು ಹೊರಗೆ ತರಿಸಿದಳು. ಶಿವಾನಿ ಒಂದೊಂದೇ ಸೀರೆ ಬಿಸಿಲಿಗೆ ಹಿಡಿದಳು. ಅಜ್ಜಿ ಒಮ್ಮೆ ಈ ಕಣ್ಣು, ಒಮ್ಮೆ ಆ ಕಣ್ಣು ಮುಚ್ಚಿ ನೋಡಿದಳು. ಕಂದು ಎಂದು ತಾನು ಉಟ್ಟು ತಿರುಗಿದ್ದ ಸೀರೆ ಹೊಳೆಯುವ ನೇರಳೆಯಾಗಿತ್ತು.

"ಆಯೀ, ಇದನ್ನ ಉಟ್ಟು ನೀ ಸತ್ತವರ ಮನಿಗೆ ಹೋಗಿದ್ದಿ" ಎಂದಳು ಶಿವಾನಿ.

"ಅದಕ್ಕ ಅವತ್ತ ಎಲ್ಲಾರೂ ಅಳೂದ ಬಿಟ್ಟು ನನ್ನ ನೋಡಾಕತ್ತಿದ್ರು!" ಚನ್ನವ್ವ ನಗತೊಡಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದಾಗ ದಾಕ್ಷಾಯಿಣಿ ಹತ್ತಿಯ ಉಂಡೆ ಹಿಡಿದು ಓಡಿಬಂದಳು. "ಒರಸಬ್ಯಾಡ್ರಿ, ಒರಸಬ್ಯಾಡ್ರಿ, ನಾ ಒರಸ್ತೇನಿ."

ಬಗ್ಗಿ ಒರೆಸುವಾಗ ಸೊಸೆಯ ಮುಖ ಒಂದು ಗೇಣು ದೂರದಲ್ಲಿತ್ತು. ಚನ್ನವ್ವನ ಬಲಗಣ್ಣು ಅಲ್ಲೇ ನಿಂತಿತು.

"ನೀ ನಾ ತಿಳದಷ್ಟ ಕಪ್ಪ ಇಲ್ಲ."

ದಾಕ್ಷಾಯಿಣಿ ಹತ್ತಿ ಮಡಿಸಿದಳು. "ಕಪ್ಪ ಅದೇನ್ರಿ ಅತ್ತಿ. ಅದಕ್ಕ ನೀಲಿ ಒಪ್ಪತೈತಿ."

ಅಂಗಳದಲ್ಲಿ ಸೀರೆಗಳು ಹರಡಿ ಬಿದ್ದಿದ್ದವು. ಅವುಗಳಲ್ಲಿ ದಾಕ್ಷಾಯಿಣಿಯ ಏಳೆಂಟು ಇದ್ದವು. ಬಿಸಿಲಿಗೆ ಅವು ಒಂದೇ ಸೀರೆಯ ಹಾಗೆ ಕಾಣುತ್ತಿದ್ದವು. ಚನ್ನವ್ವ ಅವುಗಳನ್ನು ನೋಡಿದಳು, ಎಡಗಣ್ಣು ಮುಚ್ಚಿ, ಬಹಳ ಹೊತ್ತು.

"ಆ ಬಸ್ತಾದ ಸೀರಿ. ಬ್ಲೌಸಿಗೆ ಕತ್ತರಿ ಹಾಕಿದೇನು?"

"ಇಲ್ರಿ."

"ಚೀಟಿ ಐತೇನು ಅಂಗಡೀದು?"

*

ಭೀಮೇಶ ಕೆನೆ ಸೀರೆಯನ್ನು ತಿರುಗಿ ತೆಗೆದುಕೊಂಡ. "ಆದ್ರ ಆ ಮೋರಪಂಖಿ ಹೋತ್ರಿ ಅಕ್ಕಾರ. ಅದ ವಾರ ಹೋತು."

ಚನ್ನವ್ವ ಗಾದಿಯ ಮೇಲೆ ಹತ್ತಲಿಲ್ಲ. ಬಾಗಿಲ ಹತ್ತಿರದ ಸ್ಟೂಲಿನ ಮೇಲೆ, ಕರಿ ಕನ್ನಡಕ ಹಾಕಿಕೊಂಡು, ಕೈಚೀಲವನ್ನು ಮಡಿಲಲ್ಲಿ ಹಿಡಿದು ಕೂತಳು. "ಬ್ಯಾರೇವ ತೋರಸು ಆಕೀಗೆ" ಎಂದು ಹೇಳಿ ಬಾಯಿ ಮುಚ್ಚಿದಳು. ಆಕೆ ಬಾಯಿ ಮುಚ್ಚಿದ್ದನ್ನು ಆ ಅಂಗಡಿ ಹಿಂದೆಂದೂ ಕಂಡಿರಲಿಲ್ಲ.

ಭೀಮೇಶ ಬಿಡಿಸಿ ಬಿಡಿಸಿ ಹಾಕಿದ. ಇಪ್ಪತ್ತಾದವು, ಮೂವತ್ತಾದವು. ದಾಕ್ಷಾಯಿಣಿಯ ಕೈ ರಾಶಿಯ ಮೇಲೆ ಸರಿದಾಡಿ ಒಂದರ ಮೇಲೆ ನಿಂತಿತು. ನೋಡಿಕೊಂಡಳು. ಬದಾಮಿ. ಕೈ ಸುಟ್ಟವಳಂತೆ ಹಿಂದಕ್ಕೆ ತೆಗೆದುಕೊಂಡಳು. ಬಾಗಿಲ ಕಡೆ ನೋಡಿದಳು. ಚನ್ನವ್ವ ರಸ್ತೆಯ ಕಡೆ ಮುಖ ತಿರುಗಿಸಿದ್ದಳು.

ತಿರುಗಿ ಮೊದಲಿನಿಂದ ನೋಡತೊಡಗಿದಳು. ಗಡಿಬಿಡಿ ಮಾಡಲಿಲ್ಲ. ಭೀಮೇಶ ಎರಡು ಸಲ ಚಹಾ ತರಿಸಿದ. ಕೊನೆಗೆ ಅವಳು ರಾಶಿಯ ತಳದಿಂದ ಒಂದನ್ನು ಎಳೆದಳು. ಕಳೆದುಹೋದದ್ದಕ್ಕಿಂತ ಗಾಢವಾದ ನೀಲಿ, ಅಂಚಿಗೆ ಕೆಂಪು. ಅದನ್ನು ಕನ್ನಡಿಯ ಮುಂದೆ ಒಯ್ಯದೆ, ಎತ್ತಿಕೊಂಡು ನೇರ ಬಾಗಿಲಿಗೆ ಬಂದಳು. ಮೆಟ್ಟಿಲ ಮೇಲೆ ಬಿಸಿಲಿತ್ತು. ಸೆರಗನ್ನು ಹೆಗಲ ಮೇಲೆ ಹಾಕಿಕೊಂಡು ನಿಂತಳು.

"ಹೆಂಗ ಕಾಣತೈತ್ರಿ, ಅತ್ತಿ?"

ಚನ್ನವ್ವ ಕನ್ನಡಕ ತೆಗೆದಳು. ಬಲಗಣ್ಣು ಮುಚ್ಚಿದಳು.

"ಈ ಕಣ್ಣಿಲೆ ನೋಡಿದ್ರ ಕರೇದು."

"ಆ ಕಣ್ಣಿಲೆ?"

ಎಡಗಣ್ಣು ಮುಚ್ಚಿದಳು. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ಹೋಯಿತು. ಅದು ದೂರವಾಗುವ ತನಕ ಅವಳು ಸೊಸೆಯನ್ನೇ ನೋಡಿದಳು.

"ಈ ಕಣ್ಣಿಲೆ ನೋಡಿದ್ರ ನಿನ್ನ ಮಾರಿ ಕಾಣಾಕತ್ತೇತಿ. ಸೀರಿ ಆಮ್ಯಾಲ."

ಒಳಗಿನಿಂದ ಭೀಮೇಶ ಬಗ್ಗಿ ಕೇಳಿದ. "ಅವ್ವಾರ, ಇದನ್ನ ಹಾಕಲೇನ್ರಿ ಚೀಲಕ್ಕ?"

"ನನಗೇನ್ ಕೇಳತಿ?" ಎಂದಳು ಚನ್ನವ್ವ, ಕನ್ನಡಕ ತಿರುಗಿ ಹಾಕಿಕೊಳ್ಳುತ್ತ. "ಉಡೂವಾಕಿನ್ನ ಕೇಳು."